ಕಣ್ಣಳತೆ ಬೇಡ, ಡಾಕ್ಟರೇ

ಮೂರು ತಿಂಗಳು ನಾನು ಹೃದಯಕ್ಕೆ ನೋವಿನ ಮುಲಾಮು ಹಚ್ಚಿದ್ದೇನೆ. ನಗುವವರು ನಗಲಿ. ಮೂವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ ಬಗ್ಗಿ ಕೂತವಳಿಗೆ ಎಡಭುಜ ನೋಯುವುದು ಒಂದು ಸುದ್ದಿಯೇ ಅಲ್ಲ. ಭುಜ, ಕತ್ತು, ಬೆನ್ನು ಈ ಮೂರೂ ನೋಯದ ಟೇಲರ್ ಯಾರಾದರೂ ಇದ್ದರೆ ಆಕೆಗೆ ಗಿರಾಕಿಗಳಿಲ್ಲ ಎಂದೇ ಅರ್ಥ. ನೋವು ಬಂದರೆ ಮುಲಾಮಿನ ಡಬ್ಬಿ ತೆಗೆಯುವುದು, ತಿಕ್ಕಿಕೊಳ್ಳುವುದು, ಮತ್ತೆ ಮಷೀನಿಗೆ ಕೂರುವುದು. ಒಂದು ಡಬ್ಬಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದನ್ನು ನಾನೇ ಹೋಗಿ ತಂದೆ, ದೊಡ್ಡ ಸೈಜಿನದು.

ನನ್ನ ಹೆಸರು ಸುಮಿತ್ರಾ, ವಯಸ್ಸು ಐವತ್ತಮೂರು. ಗೋರೆಗಾಂವ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಒಂದು ಹಳೆ ಬಿಲ್ಡಿಂಗಿನ ಕೆಳಗೆ ನನ್ನ ಲೇಡೀಸ್ ಟೇಲರ್ ಅಂಗಡಿ ಇದೆ. ಹಿಂದೆಯೇ ಒಂದು ಕೋಣೆ, ಅಡುಗೆಮನೆ. ಅಲ್ಲಿ ನಾನೊಬ್ಬಳೇ ಇರುತ್ತೇನೆ. ಮದುವೆ ಆಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಉಡುಪಿ ಕಡೆಯಿಂದ ಅಪ್ಪ ಹೋಟೆಲಿನ ಕೆಲಸಕ್ಕೆಂದು ಮುಂಬೈಗೆ ಬಂದರು, ಹಿಂದೆಯೇ ನಾವೂ ಬಂದೆವು. ಈಗ ನನಗಿರುವ ಹತ್ತಿರದವರೆಂದರೆ ವಿಲೆ ಪಾರ್ಲೆಯಲ್ಲಿರುವ ರಘುವಣ್ಣ, ಅವನ ಸಂಸಾರ. ಅಣ್ಣ ಅಲ್ಲಿಯೇ ಒಂದು ಹೋಟೆಲಿನ ಮ್ಯಾನೇಜರ್. ಅತ್ತಿಗೆ ಘಟ್ಟದ ಮೇಲಿನವಳು, ತುಳು ಬರುವುದಿಲ್ಲ. ಹಾಗಾಗಿ ಅವರ ಮನೆಯಲ್ಲಿ ಜಗಳವೂ ಸೇರಿ ಎಲ್ಲ ಕನ್ನಡದಲ್ಲೇ ನಡೆಯುತ್ತದೆ.

ನನ್ನ ನೋವು ಭುಜದ್ದಲ್ಲ ಎಂದು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಗಂಗವ್ವ. ಬಾಗಲಕೋಟೆ ಕಡೆಯವಳು. ಹನ್ನೆರಡು ವರ್ಷದಿಂದ ನನ್ನ ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಕು ಹಾಕುತ್ತಾಳೆ, ಸೀರೆಗೆ ಫಾಲ್ ಹೊಲಿಯುತ್ತಾಳೆ. ನವರಾತ್ರಿಗೆ ಎರಡು ವಾರ ಇತ್ತು. ದಾದರಿನಿಂದ ಲೈನಿಂಗ್ ಬಟ್ಟೆಯ ಗಂಟು ಹೊತ್ತು ನಾವಿಬ್ಬರೂ ಲೋಕಲ್‌ನಿಂದ ಇಳಿದಿದ್ದೆವು. ಸ್ಟೇಷನ್ ಸೇತುವೆಯ ಮೆಟ್ಟಿಲ ನಡುವೆ ನಾನು ನಿಂತುಬಿಟ್ಟೆ. ಎದೆಯ ಮೇಲೆ ಯಾರೋ ಮೊಣಕಾಲು ಊರಿದ ಹಾಗೆ ಅನಿಸಿತು. ಎರಡು ನಿಮಿಷ ನಿಂತರೆ ಹೋಗುತ್ತಿತ್ತು, ಅವತ್ತೂ ಹೋಯಿತು. ನಾನು ಭುಜ ತಿಕ್ಕಿಕೊಂಡೆ. ಗಂಗವ್ವ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅಕ್ಕಾರ, ಮಷಿನ್ ನೋವು ಮಷಿನ್ ಮುಂದ ಕುಂತಾಗ ಬರತೈತಿ. ನಿಮಗ ಬರೂದು ಮೆಟ್ಟಲಾ ಏರೂವಾಗ. ನಾ ಒಂದ್ ತಿಂಗಳಾತು ನೋಡಾಕತ್ತೀನಿ. ಇದು ಬ್ಯಾರೆ ಐತ್ರಿ."

"ಹಬ್ಬ ಮುಗೀಲಿ, ತೋರಿಸುವ."

"ಹಬ್ಬ ವರ್ಷಾ ಬರತೈತ್ರಿ" ಎಂದಳು. ಗಂಟು ಹೊತ್ತು ಮುಂದೆ ನಡೆದಳು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಅವಳು ಬಿಡಲಿಲ್ಲ. ಹತ್ತಿರದ ದವಾಖಾನೆಯಲ್ಲಿ ಇಸಿಜಿ ತೆಗೆದರು, ಅವರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಆ ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸಿದರು. ನಾಲ್ಕನೇ ನಿಮಿಷಕ್ಕೆ ಅಲ್ಲಿದ್ದ ಹುಡುಗಿ ಕೆಂಪು ಗುಂಡಿ ಒತ್ತಿ ನಿಲ್ಲಿಸಿದಳು, ನನ್ನನ್ನು ಕೂರಿಸಿದಳು. ಮೂರು ದಿನ ಬಿಟ್ಟು ಆಂಜಿಯೋಗ್ರಫಿ ಮಾಡಿದರು. ಮಣಿಕಟ್ಟಿನಿಂದ ಸಣ್ಣ ಕೊಳವೆ ತೂರಿಸಿ ಬಣ್ಣ ಬಿಟ್ಟು ಚಿತ್ರ ತೆಗೆಯುವುದು. ಹೃದಯದ ಮುಂಭಾಗದ ದೊಡ್ಡ ರಕ್ತನಾಳದಲ್ಲಿ ಒಂದು ಉದ್ದನೆಯ ಅಡ್ಡಿ ಕಂಡಿತು.

ಡಾಕ್ಟರ್ ಸಾವಂತ್ ಎಂಬವರು ಅದನ್ನು ಪರದೆಯ ಮೇಲೆ ತೋರಿಸಿದರು. ನಲವತ್ತರ ಆಸುಪಾಸಿನವರು, ಕೆಲಸದಲ್ಲಿ ಗಟ್ಟಿಗರಂತೆ. ಆದರೆ ಮಾತಾಡುವಾಗ ಪರದೆಯನ್ನೇ ನೋಡುತ್ತಾರೆ. ಹಾರ್ಟ್ ಅಟ್ಯಾಕ್ ಆಗಿಲ್ಲ, ಆಗುವ ಮುಂಚೆ ಬಂದಿದ್ದೀರಿ, ಮಾತ್ರೆ ಕೊಡುತ್ತೇನೆ, ವಾರದೊಳಗೆ ಆ ಜಾಗವನ್ನು ತೆರೆದು ಹಿಡಿಯುವ ಸ್ಟೆಂಟ್ ಹಾಕೋಣ ಎಂದರು. ಎಲ್ಲ ಹೇಳಿ ಮುಗಿಸಿದ ಮೇಲೆ, "ಮನೆಯಲ್ಲಿ ಗಂಡಸರು ಯಾರಿದ್ದಾರೆ? ಅವರನ್ನು ಕರೆದುಕೊಂಡು ಬನ್ನಿ, ಯಾವ ಸ್ಟೆಂಟ್ ಅಂತ ಮಾತಾಡಬೇಕು" ಎಂದರು ಹಿಂದಿಯಲ್ಲಿ.

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಚಿತ್ರ ನನ್ನ ಎದೆಯದು, ಮಾತಾಡುವುದು ಗಂಡಸರ ಹತ್ತಿರ! ಆದರೂ ಫೈಲು ಎತ್ತಿಕೊಂಡು ಎದ್ದೆ. ಹೊರಗಿನ ಕೌಂಟರಿನಲ್ಲಿ ಒಂದು ಕಾಗದ ಕೊಟ್ಟರು. ಅದರಲ್ಲಿ ಆರು ಬಗೆಯ ಸ್ಟೆಂಟುಗಳ ಹೆಸರಿತ್ತು. ಎದುರಿಗೆ ಕೆಲವಕ್ಕೆ ಇಂಪೋರ್ಟೆಡ್ ಎಂದೂ ಕೆಲವಕ್ಕೆ ಇಂಡಿಯನ್ ಎಂದೂ ಬರೆದಿತ್ತು, ಕೊನೆಯದಕ್ಕೆ ಕರಗುವಂಥದ್ದು ಎಂದು ಬರೆದಿತ್ತು. ಸೀರೆ ಅಂಗಡಿಯ ಹುಡುಗ ಆರು ಸೀರೆ ಬಿಡಿಸಿ ಹಾಕಿ, ಯಾವುದು ಬೇಕು ಮೇಡಂ ಎಂದು ಕೇಳಿದ ಹಾಗಾಯಿತು. ಸೀರೆಯಾದರೆ ಮುಟ್ಟಿ ನೋಡಬಹುದಿತ್ತು.

ಭಾನುವಾರ ಮಧ್ಯಾಹ್ನ ಅಣ್ಣನ ಮನೆಯಲ್ಲಿ ಸಭೆ ಸೇರಿತು. ಅಣ್ಣನ ಮಗಳು ನಿಖಿತಾ ಪವಾಯಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಆ ಆರು ಹೆಸರುಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ದೊಡ್ಡ ಪಟ್ಟಿ ಮಾಡಿದ್ದಳು. ಹಸಿರು, ಹಳದಿ, ಕೆಂಪು ಬಣ್ಣ ಬೇರೆ ಬಳಿದಿದ್ದಳು.

"ಅತ್ತೆ, ಇದು ನೋಡು" ಎಂದು ತಡವರಿಸುತ್ತಾ ಶುರು ಮಾಡಿದಳು. "ಈ ಕಾಲಮ್‌ದಲ್ಲಿ ಮೆಟಲ್. ಇದರಲ್ಲಿ ಔಷಧಿ. ಔಷಧಿ ಸ್ಲೋಲಿ ಹೊರಗೆ ಬರ್ತದೆ, ಅದಕ್ಕೆ ಮತ್ತೆ ಬ್ಲಾಕ್ ಆಗೋದಿಲ್ಲ. ಮತ್ತು ಇದು ಕೋಟಿಂಗ್. ಕೆಲವದ್ದು ಯಾವಾಗ್ಲೂ ಇರ್ತದೆ, ಕೆಲವದ್ದು ಸಮ್ ಮಂತ್ಸ್ ಆದ್ಮೇಲೆ ಹೋಗ್ತದೆ. ಲಾಸ್ಟ್ ಕಾಲಮ್ ಥಿಕ್‌ನೆಸ್. ಪತಲಾ ಇದ್ರೆ ಅಚ್ಛಾ."

ನನಗೆ ಥಟ್ಟನೆ ಅರ್ಥವಾಯಿತು. ಬಟ್ಟೆ, ಬಣ್ಣ, ಗಂಜಿ. ಲೋಹದ ಬಲೆ ಎಂದರೆ ಬಟ್ಟೆ. ಔಷಧಿ ಎಂದರೆ ಅದಕ್ಕೆ ಹಾಕಿದ ಬಣ್ಣ. ಬಣ್ಣವನ್ನು ಹಿಡಿದಿಡುವ ಲೇಪ ಎಂದರೆ ಗಂಜಿ, ಕೆಲವದ್ದು ತೊಳೆದರೆ ಹೋಗುತ್ತದೆ, ಕೆಲವದ್ದು ಉಳಿಯುತ್ತದೆ. ಬಟ್ಟೆ ತೆಳ್ಳಗಿದ್ದರೆ ಮೈಗೆ ಒತ್ತುವುದಿಲ್ಲ. ಇಷ್ಟನ್ನು ಹೇಳಲು ಡಾಕ್ಟರಿಗೆ ಎರಡು ನಿಮಿಷ ಸಾಕಿತ್ತು. ಅಡ್ಡಾದಿಡ್ಡಿ ಕನ್ನಡದಲ್ಲಿ ಆ ಹುಡುಗಿ ಹೇಳಿದಳು, ಅವಳ ತಲೆ ಸವರಿದೆ.

ಅಣ್ಣ ಪಟ್ಟಿಯ ಕಡೆ ನೋಡಲೂ ಇಲ್ಲ. "ಇದೆಲ್ಲ ಎಂತಕ್ಕೆ? ಇಂಪೋರ್ಟೆಡ್ ಹಾಕಿಸುವ. ಅದರಲ್ಲಿ ಮಾತೆಂತ ಉಂಟು?"

"ಪಪ್ಪಾ, ಇಂಡಿಯನ್‌ದು ಕೂಡ ಸೇಮ್ ಔಷಧಿ. ಥಿಕ್‌ನೆಸ್ ಇನ್ನೂ ಕಮ್ಮಿ ಉಂಟು. ಗವರ್ನಮೆಂಟ್ ಪ್ರೈಸ್ ಲಿಮಿಟ್ ಮಾಡಿದೆ, ಸೋ ಕಾಸ್ಟ್ಲಿ ಇದ್ರೆ ಬೆಸ್ಟ್ ಅಂತ ಇಲ್ಲ."

"ನೀನು ಸುಮ್ಮನಿರು. ಹೋಟೆಲಿಗೆ ಇಲ್ಲಿಯ ಗ್ರೈಂಡರ್ ತಂದು ನಾಲ್ಕು ಸಲ ಮೋಟರ್ ಸುಟ್ಟದ್ದು ನಿನಗೆ ಗೊತ್ತುಂಟಾ? ಫಾರಿನ್ನಿಂದು ತಂದ ಮೇಲೆ ಇವತ್ತಿನವರೆಗೆ ಸುದ್ದಿ ಇಲ್ಲ."

"ಅಣ್ಣ, ನನ್ನ ಎದೆಯಲ್ಲಿ ದೋಸೆ ಹಿಟ್ಟು ರುಬ್ಬುವುದಿಲ್ಲ" ಎಂದೆ. ಅತ್ತಿಗೆ ನಗು ತಡೆಯಲಾರದೆ ಒಳಗೆ ಹೋದಳು.

ಅಣ್ಣನಿಗೆ ನಗು ಬರಲಿಲ್ಲ. ಅವನು ಮುಂದಿನದನ್ನೂ ಯೋಚಿಸಿ ಇಟ್ಟಿದ್ದ. "ಅಂಗಡಿ ಬಾಡಿಗೆಗೆ ಕೊಟ್ಟುಬಿಡು. ಇಲ್ಲಿ ಒಂದು ರೂಮು ಖಾಲಿ ಉಂಟು, ಬಂದಿರು. ಹಾರ್ಟ್ ಪೇಷಂಟ್ ಒಬ್ಬಳೇ ಇರುವುದು ಅಂದರೆ ಏನು? ಜನ ನನಗೆ ಏನು ಹೇಳ್ತಾರೆ?"

ಆಗ ನನಗೆ ಸ್ಪಷ್ಟವಾಯಿತು. ಅಲ್ಲಿ ನಡೆಯುತ್ತಿದ್ದದ್ದು ಬರೀ ಸ್ಟೆಂಟಿನ ಆಯ್ಕೆಯಲ್ಲ. ಇವತ್ತು ನನ್ನ ರಕ್ತನಾಳದೊಳಗೆ ಏನು ಕೂರಬೇಕೆಂದು ಅಣ್ಣ ತೀರ್ಮಾನಿಸಿದರೆ, ನಾಳೆ ನಾನೆಲ್ಲಿ ಕೂರಬೇಕೆಂದೂ ಅವನೇ ತೀರ್ಮಾನಿಸುತ್ತಾನೆ. ಪ್ರೀತಿಯಿಂದಲೇ ಮಾಡುತ್ತಾನೆ, ಅದು ಇನ್ನೂ ಕಷ್ಟ. ಮೂವತ್ತು ವರ್ಷ ನನ್ನ ಕಾಲ ಮೇಲೆ ನಿಂತು, ಕೊನೆಗೆ ಅಣ್ಣನ ಮನೆಯ ಖಾಲಿ ರೂಮಿನಲ್ಲಿ ಸೀರಿಯಲ್ ನೋಡುತ್ತಾ ಮಾತ್ರೆಯ ಹೊತ್ತಿಗೆ ಕಾಯುವುದೇ? ಸತ್ತರೂ ಬೇಡ ಎನಿಸಿತು. ಸಾಯುವ ಮಾತು ಅಷ್ಟು ಹತ್ತಿರ ಇರುವಾಗ ಹಾಗೆ ಅನಿಸಿದ್ದಕ್ಕೆ ನನಗೇ ಗಾಬರಿಯಾಯಿತು.

"ಡಾಕ್ಟರ ಹತ್ತಿರ ಬಾ ಅಣ್ಣ. ಕೇಳುವುದನ್ನು ನಾನು ಕೇಳುತ್ತೇನೆ" ಎಂದೆ.

ಬುಧವಾರ ಆಸ್ಪತ್ರೆಯಲ್ಲಿ ಒಂದೂವರೆ ಗಂಟೆ ಕಾದೆವು. ಹೃದಯದ ವಿಭಾಗದ ಹೊರಗೆ ಕೂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗಂಡಸರ ಎದೆಯ ಕಥೆಯನ್ನು ಅವರ ಹೆಂಡತಿಯರು ಹೇಳುತ್ತಿರುತ್ತಾರೆ, ಹೆಂಗಸರ ಎದೆಯ ಕಥೆಯನ್ನು ಗಂಡಂದಿರೋ ಮಕ್ಕಳೋ ಹೇಳುತ್ತಿರುತ್ತಾರೆ. ಎದೆ ಇರುವವರು ಮಾತ್ರ ಕಾಲಿನ ಬೆರಳು ನೋಡುತ್ತಾ ಸುಮ್ಮನೆ ಕೂತಿರುತ್ತಾರೆ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮಗ ಫೋನಿನಲ್ಲಿ ಯಾರಿಗೋ ಅವರ ಕಾಯಿಲೆಯನ್ನು ವಿವರಿಸುತ್ತಿದ್ದ. ಅಜ್ಜಿ ಮಧ್ಯದಲ್ಲಿ ಒಮ್ಮೆ, "ನೋವು ಅಲ್ಲಿ ಅಲ್ಲ, ಇಲ್ಲಿ" ಎಂದು ಮರಾಠಿಯಲ್ಲಿ ಹೇಳಿ ಬೆನ್ನು ಮುಟ್ಟಿ ತೋರಿಸಿದರು. ಮಗ ಕೈಸನ್ನೆಯಲ್ಲೇ ಸುಮ್ಮನಿರಿಸಿದ. ನನ್ನ ಹೆಸರು ಕೂಗಿದಾಗ ನಾನು ಎದ್ದದ್ದು ಆ ಅಜ್ಜಿಯ ಸಿಟ್ಟನ್ನೂ ಸೇರಿಸಿಕೊಂಡು.

ಒಳಗೆ ಡಾಕ್ಟರು ಎಂದಿನಂತೆ ಪರದೆ ನೋಡುತ್ತಾ ಅಣ್ಣನಿಗೆ ಹೇಳಲು ಶುರು ಮಾಡಿದರು. ಅಣ್ಣ, "ಸರ್, ಇಂಪೋರ್ಟೆಡ್ ಡಾಲೋ, ಬಸ್" ಎಂದ, ಇಂಪೋರ್ಟೆಡ್ ಹಾಕಿಬಿಡಿ, ಮುಗಿಯಿತು ಎಂಬಂತೆ.

"ಡಾಕ್ಟರೇ, ಇತ್ತ ನೋಡಿ" ಎಂದೆ ಹಿಂದಿಯಲ್ಲಿ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು. "ಸ್ಟೆಂಟ್ ಹಾಕುವುದು ನನಗೆ. ನನಗೆ ಹೇಳಿ. ಈ ಆರರಲ್ಲಿ ನಿಜವಾಗಿ ವ್ಯತ್ಯಾಸ ಎಷ್ಟು?"

ಅವರು ಕುರ್ಚಿ ತಿರುಗಿಸಿದರು. ಮೊದಲ ಸಲ ನನ್ನ ಮುಖ ನೋಡಿದರು. ಸ್ವಲ್ಪ ಯೋಚಿಸಿ ಹೇಳಿದರು, ಅದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಈ ಮೊದಲ ಐದರಲ್ಲಿ ನಿಮಗೆ ಗೊತ್ತಾಗುವಷ್ಟು ವ್ಯತ್ಯಾಸ ಇಲ್ಲ. ಔಷಧಿ ಬೇರೆ ಬೇರೆ ಇರಬಹುದು, ಕೆಲಸ ಒಂದೇ. ಎಲ್ಲವೂ ಹೊಸ ಕಾಲದವು, ತೆಳ್ಳಗಿನವು. ನನ್ನ ತಾಯಿಗೆ ಇದರಲ್ಲಿ ಯಾವುದನ್ನಾದರೂ ಹಾಕುತ್ತೇನೆ."

"ಕೊನೆಯದು? ಕರಗಿ ಹೋಗುವಂಥದ್ದು?"

ಇದನ್ನು ಕೇಳುವಾಗ ನನಗೆ ಒಳಗೊಳಗೇ ಆಸೆ ಇತ್ತು. ಕೆಲಸ ಮುಗಿಸಿ ಕರಗಿ ಹೋಗುವುದು, ಎದೆಯಲ್ಲಿ ಏನೂ ಉಳಿಯದಿರುವುದು, ಯಾರಿಗೆ ಬೇಡ? ಅವರು ತಲೆಯಾಡಿಸಿದರು. ಅದು ದಪ್ಪ, ನಿಮ್ಮ ನಾಳದಲ್ಲಿ ಸುಣ್ಣದ ಹಾಗೆ ಗಟ್ಟಿಯಾದದ್ದು ಕಟ್ಟಿಕೊಂಡಿದೆ, ಅಡ್ಡಿ ಉದ್ದವೂ ಇದೆ, ನಿಮಗೆ ಹೊಂದುವುದಿಲ್ಲ ಎಂದರು. ಆ ಆಸೆಯನ್ನು ಅಲ್ಲೇ ಬಿಟ್ಟೆ.

"ಹಾಗಾದರೆ ಮುಖ್ಯ ಏನು?"

"ಸೈಜು. ಸರಿಯಾದ ಸೈಜಿನದು ಹಾಕಿ, ಪೂರ್ತಿ ಬಿಡಿಸಿ, ನಾಳದ ಗೋಡೆಗೆ ಅಂಟುವ ಹಾಗೆ ಕೂರಿಸಬೇಕು. ಸಣ್ಣದಾದರೆ ಸಡಿಲ ಉಳಿದು ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ದೊಡ್ಡದಾದರೆ ನಾಳಕ್ಕೇ ಏಟು."

ಇಷ್ಟು ಹೊತ್ತು ನಾನು ಅವರ ಊರಿನಲ್ಲಿದ್ದೆ. ಈ ಮಾತಿನಿಂದ ಅವರು ನನ್ನ ಊರಿಗೆ ಬಂದರು. ಅಳತೆಯ ವಿಷಯದಲ್ಲಿ ನನಗೆ ಯಾರ ಹೆದರಿಕೆಯೂ ಇಲ್ಲ.

"ಅಳತೆ ಹೇಗೆ ತೆಗೆಯುತ್ತೀರಿ?"

"ಈ ಆಂಜಿಯೋ ಚಿತ್ರ ನೋಡಿ. ಕಂಪ್ಯೂಟರೂ ಸಹಾಯ ಮಾಡುತ್ತದೆ. ಅಭ್ಯಾಸದಿಂದ ಗೊತ್ತಾಗುತ್ತದೆ."

"ಅಂದರೆ ಕಣ್ಣಳತೆ."

ಅವರು ನಕ್ಕರು. ನಾನು ನಗಲಿಲ್ಲ.

"ಡಾಕ್ಟರೇ, ನಾನು ಟೇಲರ್. ಎಷ್ಟೋ ಜನ ಹಳೆ ಬ್ಲೌಸ್ ಒಂದನ್ನು ಅಳತೆಗೆ ಅಂತ ಬಿಸಾಡಿ ಹೋಗುತ್ತಾರೆ. ಆ ಬ್ಲೌಸ್ ಒಗೆದು ಒಗೆದು ಕುಗ್ಗಿರುತ್ತದೆ, ಮೈ ಬೆಳೆದಿರುತ್ತದೆ. ಅದನ್ನು ನೋಡಿ ಹೊಲಿದರೆ ಕಂಕುಳಲ್ಲಿ ಹರಿಯುತ್ತದೆ. ನನ್ನ ಕಣ್ಣಳತೆ ಮೂವತ್ತು ವರ್ಷದ್ದು, ಆದರೂ ಟೇಪು ಹಿಡಿಯದೆ ನಾನು ಕತ್ತರಿ ಎತ್ತುವುದಿಲ್ಲ. ಬ್ಲೌಸಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನೀವು ಹಾಕಿದ್ದನ್ನು ಬಿಚ್ಚಲಿಕ್ಕಾಗುತ್ತದೆಯೇ?"

ಡಾಕ್ಟರು ಹೇಳಿದರು, ಒಳಗಿನಿಂದಲೇ ಅಳೆಯುವ ಒಂದು ಸಾಧನ ಇದೆಯಂತೆ. ಕೂದಲಿಗಿಂತ ಸ್ವಲ್ಪ ದಪ್ಪದ ತಂತಿಯ ಮೇಲೆ ಒಂದು ಪುಟ್ಟ ಕೊಳವೆ ಜಾರಿಸುತ್ತಾರೆ, ಅದು ನಾಳದ ಗೋಡೆಯಿಂದ ಗೋಡೆಗೆ ಎಷ್ಟು ಎಂದು ತೋರಿಸುತ್ತದೆ. ಎಲ್ಲರಿಗೂ ಬಳಸುವುದಿಲ್ಲ, ಸಮಯ ಹಿಡಿಯುತ್ತದೆ. "ಆದರೆ ನಿಮ್ಮ ಅಡ್ಡಿ ಉದ್ದ ಇದೆ, ಗಟ್ಟಿಯೂ ಇದೆ. ನಿಮಗೆ ಬಳಸುವುದು ಒಳ್ಳೆಯದೇ."

"ಟೇಪು ಹಿಡಿದೇ ಅಳೆಯಿರಿ. ಸ್ಟೆಂಟ್ ನಿಮ್ಮ ಕೈಗೆ ಯಾವುದು ಅಭ್ಯಾಸ?"

ಪಟ್ಟಿಯಲ್ಲಿ ಮೂರನೆಯದನ್ನು ತೋರಿಸಿದರು. ಇಂಡಿಯನ್. ಅದರಲ್ಲಿ ಉದ್ದದ ಸೈಜುಗಳು ಚೆನ್ನಾಗಿ ಸಿಗುತ್ತವೆ, ದಿನವೂ ಹಾಕುತ್ತೇನೆ ಎಂದರು. ನನ್ನ ಕತ್ತರಿ ಬೇರೆಯವರ ಕೈಯಲ್ಲಿ ಓಡುವುದಿಲ್ಲ, ಬೇರೆಯವರದು ನನ್ನ ಕೈಯಲ್ಲಿ ಓಡುವುದಿಲ್ಲ. ನನಗೆ ಅಷ್ಟು ಕಾರಣ ಸಾಕಾಯಿತು. "ಅದೇ ಇರಲಿ" ಎಂದೆ.

ಹೊರಗೆ ಬಂದ ಮೇಲೆ ಅಣ್ಣನ ಮುಖ ಕೆಂಪಾಗಿತ್ತು. ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು, ಅದನ್ನೂ ಅವನು ಲೆಕ್ಕಿಸಲಿಲ್ಲ.

"ಡಾಕ್ಟರ ಮುಂದೆ ಬ್ಲೌಸಿನ ಕಥೆ ಹೇಳ್ತೀಯಲ್ಲ, ನಿನಗೆ ತಲೆ ಸರಿ ಉಂಟಾ? ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಹತ್ತಿರ ಎದೆ ಹಿಡಿದು ಕೂತಲ್ಲೇ ಹೋದದ್ದನ್ನು ನಾನು ನೋಡಿದ್ದೇನೆ. ನೀನು ನೋಡಲಿಲ್ಲ. ಇಂಪೋರ್ಟೆಡ್ ಹಾಕುವುದಿಲ್ಲ ಅಂತಾದರೆ ನಾನು ಸೈನ್ ಮಾಡುವುದಿಲ್ಲ. ನಾನು ಬರುವುದೂ ಇಲ್ಲ."

"ಬರಬೇಡ" ಎಂದೆ. ಅವನು ತಿರುಗಿ ನೋಡದೆ ಲಿಫ್ಟಿನ ಕಡೆ ಹೋದ. ನಾನು ಅಲ್ಲೇ ಬೆಂಚಿನ ಮೇಲೆ ಕೂತು, ನಾಲಿಗೆಯ ಕೆಳಗೆ ಇಡುವ ಮಾತ್ರೆ ಇಟ್ಟುಕೊಂಡೆ.

ಶುಕ್ರವಾರ ಬೆಳಿಗ್ಗೆ ಗಂಗವ್ವನ ಜೊತೆ ಆಟೋ ಹತ್ತಿದೆ. ಅವಳು ಹಸಿರು ಇಳಕಲ್ ಸೀರೆ ಉಟ್ಟು ಮದುವೆಗೆ ಹೊರಟವಳ ಹಾಗೆ ಬಂದಿದ್ದಳು. ಏನಿದು ಎಂದು ಕೇಳಿದರೆ, "ದೊಡ್ಡ ದವಾಖಾನಿ ಐತ್ರಿ, ಹರದ ಸೀರ್ಯಾಗ ಹೋದ್ರ ನಮ್ಮನ್ನ ಯಾರ್ ಕೇಳ್ತಾರ" ಎಂದಳು. ಮಾತು ಸುಳ್ಳಲ್ಲ.

ಅಡ್ಮಿಷನ್ ಕೌಂಟರಿನಲ್ಲಿದ್ದವನು ಫಾರಂ ತಿರುಗಿಸಿ ತಿರುಗಿಸಿ ನೋಡಿದ. ಸಂಬಂಧಿಕರ ಸಹಿ ಬೇಕು ಎಂದ. ಗಂಡ ಇಲ್ಲವೇ, ಮಗ ಇಲ್ಲವೇ, ಅಣ್ಣ ಇದ್ದಾರಲ್ಲ, ಫೋನ್ ಮಾಡಿ ಕರೆಸಿ ಎಂದ.

"ನಾನು ಎಚ್ಚರದಲ್ಲಿದ್ದೇನೆ. ಬುದ್ಧಿ ನೆಟ್ಟಗಿದೆ. ಓದಲು ಬರೆಯಲು ಬರುತ್ತದೆ. ಅಂಗಡಿಯ ಲೈಸೆನ್ಸಿಗೆ, ಬ್ಯಾಂಕಿಗೆ, ವೋಟಿಗೆ ನನ್ನ ಸಹಿ ನಡೆಯುತ್ತದೆ. ಇಲ್ಲಿ ಯಾಕೆ ನಡೆಯುವುದಿಲ್ಲ? ಡಾಕ್ಟರನ್ನು ಕೇಳಿ ಬನ್ನಿ."

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೌಂಟರಿಗೆ ಮೊಣಕೈ ಊರಿದಳು. "ಕೇಳ್ಕೊಂಡ್ ಬರ್ರಿ ಸಾಹೇಬ್ರ, ನಾವ್ ಇಲ್ಲೇ ನಿಂತಿರ್ತೀವಿ" ಎಂದು ಕನ್ನಡದಲ್ಲೇ ಹೇಳಿದಳು. ಅವನಿಗೆ ಭಾಷೆ ಅರ್ಥವಾಗಲಿಲ್ಲ, ನಿಂತ ರೀತಿ ಅರ್ಥವಾಯಿತು. ಎದ್ದು ಹೋದ. ಹತ್ತು ನಿಮಿಷದಲ್ಲಿ ಬಂದು, ರೋಗಿ ಸ್ವತಃ ಸಹಿ ಮಾಡಿದರೆ ಆಯಿತಂತೆ, ಹೊರಗೆ ಒಬ್ಬರು ಕಾಯುತ್ತಿದ್ದರೆ ಸಾಕಂತೆ ಎಂದು ಫಾರಂ ಮುಂದೆ ತಳ್ಳಿದ. ನಾನು ಪ್ರತಿಯೊಂದು ಪುಟ ಓದಿ, ನಿಧಾನವಾಗಿ, ಕನ್ನಡದಲ್ಲಿ ಸಹಿ ಮಾಡಿದೆ. ಕಾಯುವವರ ಜಾಗದಲ್ಲಿ ಗಂಗವ್ವನ ಹೆಸರು ಬರೆಸಿದೆ.

ಇಷ್ಟೆಲ್ಲ ಜೋರು ಮಾಡಿದವಳು ಒಳಗೆ ಹೋದ ಮೇಲೆ ಅತ್ತುಬಿಟ್ಟೆ. ಬಳೆ ತೆಗೆಸಿ, ಹಸಿರು ಗೌನು ತೊಡಿಸಿ, ಪರದೆ ಎಳೆದ ಮಂಚದ ಮೇಲೆ ಮಲಗಿಸಿದಾಗ ಅಳು ಬಂತು. ಇಂಡಿಯನ್ ಅಂದದ್ದು ತಪ್ಪಾದರೆ? ಹಟಕ್ಕೆ ಬಿದ್ದು ಸತ್ತಳು ಎಂದು ಜನ ಹೇಳಿದರೆ? ಅಣ್ಣ ಹೇಳಿದರೆ? ಒಬ್ಬ ಆಯಾ ಬಂದು ಏನೂ ಕೇಳದೆ ಹತ್ತಿಯಿಂದ ನನ್ನ ಕೆನ್ನೆ ಒರೆಸಿದಳು. ಕಿವಿಗೆ ಇಳಿದ ನೀರನ್ನೂ ಒರೆಸಿದಳು. ಮಲಗಿ ಅಳುವವರ ಕಣ್ಣೀರು ಕಿವಿಗೆ ಹೋಗುತ್ತದೆ ಎಂದು ತಿಳಿದವಳು ಅವಳು, ನಾನು ಅವಳ ಹೆಸರು ಕೇಳಲಿಲ್ಲ ಎಂಬ ಬೇಸರ ಇನ್ನೂ ಇದೆ.

ಸ್ಟೆಂಟ್ ಹಾಕುವ ಕೋಣೆ ವಿಪರೀತ ತಣ್ಣಗಿತ್ತು. ಎಚ್ಚರದಲ್ಲೇ ಇರುತ್ತೀರಿ, ಕೈ ಮಾತ್ರ ಮರಗಟ್ಟಿರುತ್ತದೆ. ಡಾಕ್ಟರು ಮುಖಗವಸಿನೊಳಗಿಂದ ಒಂದೊಂದೇ ಹೇಳುತ್ತಾ ಹೋದರು, ಈ ಸಲ ನನಗೆ. ಈಗ ತಂತಿ ದಾಟಿತು. ಈಗ ಅಳೆಯುವುದು. ಪರದೆಯ ಮೇಲೆ ಬೂದು ಬಣ್ಣದ ದುಂಡನೆಯ ಚಿತ್ರ ಅಲುಗುತ್ತಿತ್ತು. ನನಗೆ ಅದರ ತಲೆಬುಡ ತಿಳಿಯಲಿಲ್ಲ.

"ಸುಮಿತ್ರಾಜಿ," ಎಂದರು ಡಾಕ್ಟರು, "ನನ್ನ ಕಣ್ಣು ಹೇಳಿದ್ದಕ್ಕಿಂತ ನಿಮ್ಮ ನಾಳ ಅರ್ಧ ಸೈಜು ದೊಡ್ಡದಿದೆ."

"ದೊಡ್ಡದೇ ಹಾಕಿ" ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬಲೂನು ಉಬ್ಬಿಸಿದಾಗ ಎದೆಯಲ್ಲಿ ಅದೇ ಹಳೆ ನೋವು ಬಂತು, ಸೇತುವೆಯ ಮೆಟ್ಟಿಲ ಮೇಲೆ ಬರುತ್ತಿದ್ದದ್ದು. ಎಣಿಸಿಕೊಂಡು ಸಹಿಸಿದೆ. ಆಮೇಲೆ ಹೋಯಿತು. ಮುಗಿದ ಮೇಲೆ ಮತ್ತೊಮ್ಮೆ ಅಳೆದರು, ಸ್ಟೆಂಟು ಸುತ್ತಲೂ ಗೋಡೆಗೆ ಸರಿಯಾಗಿ ಕೂತಿದೆ ಎಂದರು.

ಮಂಚವನ್ನು ಹೊರಗೆ ತಳ್ಳಿಕೊಂಡು ಬಂದಾಗ ಗಂಗವ್ವನ ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಹೋಟೆಲಿನ ಬಿಳಿ ಶರಟಿನಲ್ಲೇ ಬಂದಿದ್ದ. ನಾನು ಒಳಗೆ ಹೋದ ಹತ್ತು ನಿಮಿಷಕ್ಕೇ ಬಂದನಂತೆ, ಒಂದು ಲೋಟ ನೀರೂ ಕುಡಿಯಲಿಲ್ಲವಂತೆ. ನನ್ನನ್ನು ನೋಡಿ ಎದ್ದು ನಿಂತ.

"ಯಾವುದು ಹಾಕಿದರು?"

"ಇಂಡಿಯನ್."

ಅವನು ನನ್ನ ಕಾಲಿನಿಂದ ಜಾರಿದ್ದ ಕಂಬಳಿಯನ್ನು ಎಳೆದು ಮುಚ್ಚಿ, ವಾರ್ಡಿನವರೆಗೂ ಮಂಚದ ಕಂಬಿ ಹಿಡಿದುಕೊಂಡೇ ಬಂದ.

ಎರಡು ವಾರಕ್ಕೆ ಅಂಗಡಿ ತೆರೆದೆ. ನವರಾತ್ರಿ ಮುಗಿದಿತ್ತು, ಒಂಬತ್ತು ಬ್ಲೌಸುಗಳನ್ನು ಬೇರೆ ಟೇಲರಿಗೆ ಬಿಟ್ಟುಕೊಡಬೇಕಾಯಿತು. ಅದರ ದುಃಖ ಬೇರೆ. ಗಿರಾಕಿಗಳು ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಮಾತಾಡಿಸತೊಡಗಿದರು. ಒಬ್ಬಾಕೆಯಂತೂ ಬ್ಲೌಸಿನ ಕೊರಳು ಆಳವಾಯಿತೆಂದು ಜಗಳಕ್ಕೆ ಬಂದವಳು, ನನ್ನನ್ನು ನೋಡಿ, ಇರಲಿ ಬಿಡಿ ಎಂದು ವಾಪಸು ಹೊರಟಳು. ಕೂಗಿ ಕರೆದು ಜಗಳ ಆಡಿಸಿದೆ. ನನ್ನ ತಪ್ಪಿಗೆ ನನ್ನನ್ನು ಬೈಯುವ ಹಕ್ಕನ್ನು ಒಂದು ಲೋಹದ ತುಂಡು ಕಿತ್ತುಕೊಳ್ಳಬಾರದು.

ಕಾಯಿಲೆ ಹೋಯಿತೇ ಎಂದು ಕೇಳುತ್ತಾರೆ. ಹೋಗಿಲ್ಲ. ಸ್ಟೆಂಟ್ ಒಂದು ಜಾಗವನ್ನು ತೆರೆದಿದೆ, ಅಷ್ಟೇ. ಉಳಿದದ್ದು ನಡಿಗೆ, ಊಟ, ಮಾತ್ರೆ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು ಎಂದಿದ್ದರು, ತಪ್ಪಿಸಲಿಲ್ಲ. ಮೊದಲಾದರೆ ಸೂಜಿ ಚುಚ್ಚಿದರೆ ಬೆರಳು ಬಾಯಿಗಿಟ್ಟರೆ ಮುಗಿಯುತ್ತಿತ್ತು. ಈಗ ರಕ್ತ ನಿಲ್ಲುವುದಿಲ್ಲ. ಒಬ್ಬರ ಕೆನೆಬಣ್ಣದ ರೇಷ್ಮೆಗೆ ಕಲೆಯಾಗಿ, ಬ್ಲೌಸಿನ ಇಡೀ ತೋಳು ಬಿಚ್ಚಿ ಹೊಸದಾಗಿ ಕತ್ತರಿಸಬೇಕಾಯಿತು. ಅವತ್ತು ಡಾಕ್ಟರನ್ನೂ ಬೈದೆ, ಮಾತ್ರೆಯನ್ನೂ ಬೈದೆ, ಬೈದುಕೊಂಡೇ ರಾತ್ರಿಯ ಮಾತ್ರೆ ನುಂಗಿದೆ. ಒಂದು ವರ್ಷಕ್ಕೆ ಡಾಕ್ಟರೇ ಎರಡರಲ್ಲಿ ಒಂದನ್ನು ನಿಲ್ಲಿಸಿದರು.

ನಿಮ್ಮ ಕೈಗೂ ಅಂಥ ಕಾಗದ ಬಂದರೆ ನಾನು ಆರಿಸಿದ್ದನ್ನೇ ಆರಿಸಿ ಎಂದು ಹೇಳಲಾರೆ. ನಿಮ್ಮ ನಾಳ ನನ್ನದಲ್ಲ. ಆದರೆ ಡಾಕ್ಟರು ಪರದೆಯ ಕಡೆಗೋ ಗಂಡನ ಕಡೆಗೋ ತಿರುಗಿ ಮಾತಾಡುತ್ತಿದ್ದರೆ, ಇತ್ತ ನೋಡಿ ಎಂದು ಒಂದು ಸಲ ಹೇಳಿ. ಅಷ್ಟು ಹೇಳಲು ಓದು ಬೇಕಿಲ್ಲ. ನಿಮ್ಮ ಕಸುಬು ಯಾವುದೋ, ಅದ​ರಿಂದಲೇ ಪ್ರಶ್ನೆ ಹುಟ್ಟುತ್ತದೆ.

ಕಳೆದ ತಿಂಗಳು ನಿಖಿತಾಳ ನಿಶ್ಚಿತಾರ್ಥ ಆಯಿತು. ಪಾರ್ಲೆಯಲ್ಲೇ ಒಂದು ಹಾಲ್‌ನಲ್ಲಿ ಊಟ. ಎಷ್ಟೇ ಜನ ಬಡಿಸುವವರಿದ್ದರೂ ಅಣ್ಣನಿಗೆ ಕೈ ಸುಮ್ಮನಿರುವುದಿಲ್ಲ, ಪಂಚೆ ಎತ್ತಿಕಟ್ಟಿ ಸಾರಿನ ಪಾತ್ರೆ ಹಿಡಿದು ತಾನೇ ಇಳಿದಿದ್ದ. ನನ್ನ ಎದುರಿನ ಸಾಲಿನಲ್ಲಿ ಹುಡುಗನ ತಂದೆ ಕೂತಿದ್ದರು. ತಮ್ಮ ಅಕ್ಕನಿಗೆ ಹೃದಯದ ತೊಂದರೆ ಎಂದು ಅವರೇನೋ ಹೇಳಿದರು. ಅಣ್ಣ ಪಾತ್ರೆ ಕೆಳಗಿಟ್ಟ.

"ನಮ್ಮ ತಂಗಿಗೂ ಹಾಕಿಸಿದೆವಲ್ಲ! ಬೆಸ್ಟ್ ಸ್ಟೆಂಟು. ಇಂಪೋರ್ಟೆಡ್. ಎಲ್ಲ ನಾನೇ ನಿಂತು ಮಾಡಿಸಿದ್ದು."

ಶುಭಕಾರ್ಯ. ಹೊಸ ನೆಂಟರು. ಅಣ್ಣನ ಖುಷಿಯ ದಿನ. ಸುಮ್ಮನಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. ಆದರೆ ಹಾಗೆ ಸುಮ್ಮನಿದ್ದು ಸುಮ್ಮನಿದ್ದೇ ಎಷ್ಟು ಹೆಂಗಸರ ಬದುಕಿನ ಕಥೆ ಬೇರೆಯವರ ಬಾಯಿಗೆ ಹೋಗಿಲ್ಲ?

"ಇಲ್ಲ" ಎಂದೆ, ಸಾಲಿಗೆಲ್ಲ ಕೇಳುವ ಹಾಗೆ. "ಅದು ಇಂಡಿಯನ್. ಆರಿಸಿದ್ದು ನಾನು. ಅಣ್ಣ ಬೇಡ ಅಂದಿದ್ದ."

ಹುಡುಗನ ತಂದೆ ಎಲೆ ನೋಡತೊಡಗಿದರು. ಅಣ್ಣ ಪಾತ್ರೆ ಎತ್ತಿಕೊಂಡು ನನ್ನ ಸಾಲಿಗೆ ಬಂದ. ನನ್ನ ಎಲೆಯ ಮುಂದೆ ಬಗ್ಗಿ, ನಾನು ಬೇಡ ಎನ್ನುವ ಮೊದಲೇ ಸಾರು ಬಡಿಸಿದ.

"ನನಗೆ ಹೆದರಿಕೆ ಆಗಿತ್ತು ಮಾರಾಯ್ತಿ" ಎಂದ, ನನಗೆ ಮಾತ್ರ ಕೇಳುವಷ್ಟು. "ಅದನ್ನು ಹೇಳುವುದು ಹೇಗೆ ಅಂತ ಗೊತ್ತಾಗಲಿಲ್ಲ. ಅದಕ್ಕೆ ಇಂಪೋರ್ಟೆಡ್, ಇಂಪೋರ್ಟೆಡ್ ಅಂತ ಬೊಬ್ಬೆ ಹಾಕಿದೆ."

"ನನಗೂ ಆಗಿತ್ತು ಅಣ್ಣ" ಎಂದೆ.

ಅವನು ನೆಟ್ಟಗಾಗಿ ಎದುರಿನ ಸಾಲಿಗೆ ಹೋದ. ಹುಡುಗನ ತಂದೆಯ ಎಲೆಗೆ ಸಾರು ಬಡಿಸುತ್ತಾ ಹೇಳಿದ್ದು ನನಗೆ ಕೇಳಿಸಿತು.

"ಇಂಡಿಯನ್ನೇ ಹಾಕಿಸಿದ್ದು ಭಾವ. ಅವಳೇ ಆರಿಸಿದ್ದು. ನಿಮ್ಮ ಅಕ್ಕನಿಗೆ ಏನಾದರೂ ಕೇಳಬೇಕು ಅಂತ ಇದ್ದರೆ ಅವಳನ್ನು ಕೇಳಿ, ನನಗೆ ಗೊತ್ತಿಲ್ಲ."